ಅಲ್ಪವಿರಾಮ ಅಲ್ಪವಲ್ಲ

ನಮ್ಮ ಮನೆಗೆ ಇಂಗ್ಲಿಷ್‌ನಲ್ಲಿ ಏನೇ ಕಾಗದ ಬಂದರೂ ಅದು ನೇರವಾಗಿ ನನ್ನ ಕೈಗೆ ಬರುತ್ತದೆ. ಬ್ಯಾಂಕಿನ ಪತ್ರ, ವಿಮೆ ಪಾಲಿಸಿ, ದುಬೈನಲ್ಲಿರುವ ಮಾಮು ವಾಟ್ಸಾಪ್‌ನಲ್ಲಿ ಕಳಿಸುವ ಕಂಪನಿಯ ಕಾಗದ, ಎಲ್ಲವೂ. ಅಬ್ಬಾ ಉರ್ದು ಚೆನ್ನಾಗಿ ಓದುತ್ತಾರೆ, ಅಂಗಡಿ ನಡೆಸುವುದರಿಂದ ಕನ್ನಡವೂ ಬರುತ್ತದೆ. ಅಮ್ಮಿಗೆ ಉರ್ದು ಮಾತ್ರ. ಹಾಗಾಗಿ ನಾನು ಪಿಯುಸಿಗೆ ಸೇರಿದ ದಿನದಿಂದ ಮನೆಯ ಇಂಗ್ಲಿಷ್ ಖಾತೆ ನನಗೆ ಸಿಕ್ಕಿದೆ. ಈಗೀಗ ಪಕ್ಕದ ಮನೆಯ ಖಾಲಾ ಕೂಡ ಕಾಗದ ಹಿಡಿದುಕೊಂಡು ಬರುತ್ತಾರೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇದೇ ಕಥೆ ಇರಬಹುದು.

ಕಳೆದ ವರ್ಷ ಅಬ್ಬಾ ಅವರ ಹೊಲಿಗೆ ಅಂಗಡಿಯ ಬಾಡಿಗೆ ಕರಾರು ಹೊಸದಾಗಿ ಆಗಬೇಕಿತ್ತು. ಎಲ್ಲರೂ ಮಾಡಿಸುವಂತೆ 11 ತಿಂಗಳ ಕರಾರು. ಸ್ಟ್ಯಾಂಪ್ ಪೇಪರಿನ ಮೇಲೆ ಎರಡು ಪುಟ ಟೈಪ್ ಮಾಡಿದ್ದರು. ಅದರಲ್ಲಿ ರಿಪೇರಿ ಬಗ್ಗೆ ಒಂದು ವಾಕ್ಯ ಹೀಗಿತ್ತು: "ದಿ ಓನರ್ ಶಲ್ ಪೇ ಫಾರ್ ಪೇಂಟಿಂಗ್, ಪ್ಲಂಬಿಂಗ್ ಅಂಡ್ ರೂಫ್ ರಿಪೇರ್ಸ್ ದಟ್ ಕಾಸ್ಟ್ ಮೋರ್ ದ್ಯಾನ್ ಫೈವ್ ಥೌಸಂಡ್ ರುಪೀಸ್."

ನಾನು ಒಂದೇ ಉಸಿರಿಗೆ ಓದಿ ಅರ್ಥ ಹೇಳಿದೆ. "ಬಣ್ಣ, ನಲ್ಲಿ, ಚಾವಣಿ ಮೂರೂ ಮಾಲೀಕರದ್ದೇ ಅಬ್ಬಾ. ಚಾವಣಿ ರಿಪೇರಿ ಮಾತ್ರ ಐದು ಸಾವಿರ ದಾಟಿರಬೇಕು." ಅಬ್ಬಾ ಸಹಿ ಹಾಕಿದರು.

ನಾಲ್ಕು ತಿಂಗಳಾದ ಮೇಲೆ ಅಂಗಡಿಯ ಹಿಂದಿನ ಪೈಪ್ ಒಡೆಯಿತು. ಬಟ್ಟೆಯ ಗಂಟುಗಳೆಲ್ಲ ಒದ್ದೆ. ಪ್ಲಂಬರ್ ಲೆಕ್ಕ 3,800 ರೂಪಾಯಿ ಆಯಿತು. ಮಾಲೀಕರ ಹತ್ತಿರ ಹೋದಾಗ ಅವರು ಜಗಳವೇನೂ ಆಡಲಿಲ್ಲ. ಕರಾರು ತೆಗೆದು ಅದೇ ವಾಕ್ಯದ ಮೇಲೆ ಬೆರಳಿಟ್ಟು, "ನೋಡಿ ಸಾಹೇಬರೇ, ಐದು ಸಾವಿರ ದಾಟಿದರೆ ಮಾತ್ರ ನಾನು ಕೊಡೋದು. ಮೂರು ಕೆಲಸಕ್ಕೂ ಅದೇ ಮಾತು" ಎಂದರು. ಅಬ್ಬಾ ನನ್ನ ಮುಖ ನೋಡಿದರು. ನಾನು ಆ ವಾಕ್ಯವನ್ನು ನೋಡಿದೆ. ಅವರು ಹೇಳಿದ ಅರ್ಥವೂ ಅಲ್ಲಿ ಇತ್ತು!

ದುಡ್ಡು ಅಬ್ಬಾ ಅವರೇ ಕಟ್ಟಿದರು. ಒಂದು ಸಾದಾ ಬ್ಲೌಸಿಗೆ ಅವರು 200 ರೂಪಾಯಿ ತೆಗೆದುಕೊಳ್ಳುತ್ತಾರೆ. ಅಂದರೆ 19 ಬ್ಲೌಸಿನ ಹೊಲಿಗೆ. ಮನೆಗೆ ಬರುವಾಗ ನನ್ನನ್ನು ಬೈಯಲಿಲ್ಲ. ಇಷ್ಟೇ ಕೇಳಿದರು: "ತೂ ಪಢೀ ಸೋ ಹೌರ್ ಉನೋ ಪಢೇ ಸೋ, ದೋನೋ ಏಕೀಚ್ ಕಾಗಜ್ ನಾ?" ನೀನು ಓದಿದ್ದು, ಅವರು ಓದಿದ್ದು, ಎರಡೂ ಒಂದೇ ಕಾಗದ ತಾನೇ? ನನ್ನ ಬಳಿ ಉತ್ತರ ಇರಲಿಲ್ಲ.

ಮರುದಿನ ಆ ವಾಕ್ಯವನ್ನು ಬರೆದುಕೊಂಡು ಬಂದು ನಮ್ಮ ಇಂಗ್ಲಿಷ್ ಮೇಡಂಗೆ ತೋರಿಸಿದೆ. ಅವರು ಎರಡು ಸಲ ಓದಿ ನಕ್ಕರು. "ಎರಡು ಅರ್ಥವೂ ಬರುತ್ತಮ್ಮ. ತಪ್ಪು ವಾಕ್ಯದ್ದು. ಆದರೆ ಎರಡು ಅರ್ಥ ಇದೆ ಅಂತ ಸಹಿ ಹಾಕುವ ಮುಂಚೆ ನೋಡದೇ ಇದ್ದದ್ದು ನಿನ್ನದು" ಎಂದರು.

ಈ ಲೇಖನ ಮಾಲೀಕರ ಮೇಲಿನ ದೂರಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ನಾವು ರಿಲೇಟಿವ್ ಕ್ಲಾಝನ್ನೂ ಕಾಮಾವನ್ನೂ ಪರೀಕ್ಷೆಯ ಅಂಕಕ್ಕಾಗಿ ಮಾತ್ರ ಓದುತ್ತಿದ್ದೇವೆ. ಆದರೆ ನಮ್ಮಂತಹ ಮನೆಗಳಲ್ಲಿ ಅವು ಅಂಕವಲ್ಲ, ದುಡ್ಡು, ಕೆಲವೊಮ್ಮೆ ಹಕ್ಕು. ಮನೆಯ ಪರವಾಗಿ ಓದುವವರು ನಾವೇ ಆದ್ದರಿಂದ, ಇದನ್ನು ಕಾಗದ ಓದುವ ವಿದ್ಯೆಯಾಗಿ ಕಲಿಯಬೇಕು. ಅದಕ್ಕೆ ಬೇಕಾದ ಅರ್ಧ ಸಾಮಾನು ನಮ್ಮ ಕನ್ನಡದಲ್ಲೂ ಉರ್ದುವಿನಲ್ಲೂ ಆಗಲೇ ಇದೆ.

ಗಂಟು ಎಲ್ಲಿದೆ?

ನನ್ನ ಮೊದಲ ಪಿಯುಸಿ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಿಂದ ಸುತ್ತಿದ ಒಂದು ವಾಕ್ಯ ಇದೆ: "ವಿಚ್ ಬುಕ್ ಐ ಬ್ರಾಟ್ ಯೆಸ್ಟರ್ಡೇ, ದಟ್ ಈಸ್ ಮಿಸ್ಸಿಂಗ್." ಇದು ಎಲ್ಲಿಂದ ಬಂತು ಎಂದು ಈಗ ಗೊತ್ತಾಗಿದೆ. ಪುಸ್ತಕದ ಉರ್ದುವಿನಲ್ಲಿ "ಜೋ ಕಿತಾಬ್ ಮೈಂ ಕಲ್ ಲಾಯೀ ಥೀ, ವೋ ಗಾಯಬ್ ಹೈ" ಎನ್ನುತ್ತೇವೆ. ಮೊದಲು "ಜೋ", ಆಮೇಲೆ "ವೋ". ನಾನು ಆ ಜೋಡಿಯನ್ನು ಹಾಗೆಯೇ ಇಂಗ್ಲಿಷ್‌ಗೆ ಸಾಗಿಸಿದ್ದೆ. ಕನ್ನಡದಲ್ಲೂ "ಯಾರು ಓದುತ್ತಾರೋ ಅವರು ಪಾಸಾಗುತ್ತಾರೆ" ಎಂಬ ಜೋಡಿ ಉಂಟು.

ಆದರೆ ಕನ್ನಡದ ಹೆಚ್ಚು ಬಳಕೆಯ ರೀತಿ ಬೇರೆ: "ನಿನ್ನೆ ತಂದ ಪುಸ್ತಕ ಎಲ್ಲಿದೆ?" ಇಲ್ಲಿ "ಯಾವುದು, ಅದು" ಎಂಬ ಪದಗಳೇ ಬೇಡ. "ತಂದ" ಎಂಬ ಒಂದು ಪದ ಪುಸ್ತಕದ ಮುಂದೆ ಬಂದು ನಿಂತರೆ ಕೆಲಸ ಮುಗಿಯಿತು. ಇನ್ನು ನಮ್ಮ ಮನೆಯ ದಖನಿಯನ್ನು ಕೇಳಿ: "ಕಲ್ ಲಾಯೀ ಸೋ ಕಿತಾಬ್ ಕಾಂ ಹೈ?" ಪದಕ್ಕೆ ಪದ ಕನ್ನಡದ್ದೇ ಸಾಲು. ನಿನ್ನೆ, ತಂದ, ಪುಸ್ತಕ. ಉತ್ತರದ ಉರ್ದು ಮಾತಾಡುವವರು ನಮ್ಮ "ಸೋ" ಕೇಳಿ ನಗುತ್ತಾರೆ. ನನಗೆ ಈಗ ಅದರ ಬಗ್ಗೆ ನಾಚಿಕೆ ಇಲ್ಲ. ಶತಮಾನಗಳ ಕಾಲ ಕನ್ನಡ, ತೆಲುಗಿನ ಅಕ್ಕಪಕ್ಕ ಬಾಳಿದ ಭಾಷೆ ಹೀಗೆ ಮಾತಾಡದೆ ಇನ್ನು ಹೇಗೆ ಮಾತಾಡಬೇಕು? ಅಬ್ಬಾ ಅಂದು ಕೇಳಿದ ಪ್ರಶ್ನೆಯಲ್ಲೂ ಎರಡು "ಸೋ" ಇತ್ತು. ವ್ಯಾಕರಣದ ಪುಸ್ತಕ ತೆರೆಯದ ಅಬ್ಬಾ ಒಂದೇ ಮಾತಿನಲ್ಲಿ ಎರಡು ರಿಲೇಟಿವ್ ಕ್ಲಾಝ್ ಸರಿಯಾಗಿ ಬಳಸಿದ್ದರು.

ಈಗ ವ್ಯತ್ಯಾಸ ನೋಡಿ. ಕನ್ನಡದಲ್ಲೂ ದಖನಿಯಲ್ಲೂ ವಿವರಣೆ ಮೊದಲು, ಹೆಸರು ಆಮೇಲೆ. ಇಂಗ್ಲಿಷ್‌ನಲ್ಲಿ ಹೆಸರು ಮೊದಲು, ವಿವರಣೆ ಆಮೇಲೆ: "ದಿ ಬುಕ್ ದಟ್ ಐ ಬ್ರಾಟ್ ಯೆಸ್ಟರ್ಡೇ." ಕೆಲವು ಸಲ ಆ "ದಟ್" ಕೂಡ ಇರುವುದಿಲ್ಲ, "ದಿ ಬುಕ್ ಐ ಬ್ರಾಟ್ ಯೆಸ್ಟರ್ಡೇ" ಎಂದರೂ ಸರಿ. ಒಂದೇ ಹೆಸರು ಇದ್ದಾಗ ತೊಂದರೆ ಇಲ್ಲ. ಹೆಸರುಗಳ ಪಟ್ಟಿಯೇ ಇದ್ದು ಕೊನೆಯಲ್ಲಿ ಒಂದು "ದಟ್" ಬಂದಾಗ ಕೇಳಬೇಕಾದ ಪ್ರಶ್ನೆ ಹುಟ್ಟುತ್ತದೆ: ಈ ಬಾಲ ಯಾರದ್ದು? ಕೊನೆಯ ಹೆಸರಿಗೆ ಮಾತ್ರ ಸೇರಿದ್ದೋ, ಎಲ್ಲಕ್ಕೂ ಸೇರಿದ್ದೋ? ನಮ್ಮ ಅಂಗಡಿಯ ಕರಾರಿನಲ್ಲಿ ಆದದ್ದು ಇದೇ.

ಕನ್ನಡದಲ್ಲಿ ಈ ಸಮಸ್ಯೆ ಇಲ್ಲ ಎಂದುಕೊಳ್ಳಬೇಡಿ. "ಹಳೆಯ ಪುಸ್ತಕಗಳು, ಬಟ್ಟೆಗಳು ಮತ್ತು ಪಾತ್ರೆಗಳನ್ನು ಕೊಡಿ" ಎಂದು ಬೋರ್ಡು ಹಾಕಿದರೆ, ಪಾತ್ರೆ ಹೊಸದನ್ನು ಕೊಡಬೇಕೋ ಹಳೆಯದನ್ನೋ? ಇಂಗ್ಲಿಷ್‌ನಲ್ಲಿ ಅನುಮಾನ ಪಟ್ಟಿಯ ಬಾಲದಲ್ಲಿ ಬಂದರೆ ಕನ್ನಡದಲ್ಲಿ ತಲೆಯಲ್ಲಿ ಬರುತ್ತದೆ. ಇದನ್ನು ಯಾರಾದರೂ ಮೊದಲ ಪಿಯುಸಿಯಲ್ಲೇ ಹೀಗೆ ಎರಡು ಭಾಷೆ ಪಕ್ಕಪಕ್ಕ ಇಟ್ಟು ತೋರಿಸಿದ್ದರೆ ನಾನು ಆ ಕರಾರನ್ನು ಅಷ್ಟು ವೇಗವಾಗಿ ಓದುತ್ತಿರಲಿಲ್ಲ.

ಎರಡು ಕಾಮಾ, 3,500 ರೂಪಾಯಿ

ಕಾಮರ್ಸ್ ಗೆಳೆಯರಿಗೆ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಕಾರ್ಖಾನೆಯಲ್ಲಿ 10 ಜನ ಕೆಲಸಗಾರರು ಇದ್ದಾರೆ ಎಂದುಕೊಳ್ಳಿ. ಬೋನಸ್ ತಲೆಗೆ 500 ರೂಪಾಯಿ. ಕ್ಯಾಷಿಯರ್‌ಗೆ ಒಂದು ಚೀಟಿ ಬರುತ್ತದೆ.

ಮೊದಲನೇ ಚೀಟಿ: "ದಿ ವರ್ಕರ್ಸ್ ಹೂ ಕೇಮ್ ಆನ್ ಸಂಡೇ ವಿಲ್ ಗೆಟ್ ದಿ ಬೋನಸ್." ಕಾಮಾ ಇಲ್ಲ. ಭಾನುವಾರ ಬಂದವರು ಯಾರೋ ಅವರಿಗೆ ಮಾತ್ರ ಬೋನಸ್. ಮೂವರು ಬಂದಿದ್ದರೆ 1,500 ರೂಪಾಯಿ.

ಎರಡನೇ ಚೀಟಿ: "ದಿ ವರ್ಕರ್ಸ್, ಹೂ ಕೇಮ್ ಆನ್ ಸಂಡೇ, ವಿಲ್ ಗೆಟ್ ದಿ ಬೋನಸ್." ಎರಡು ಕಾಮಾ. ಈಗ ನಡುವಿನ ಮಾತು ಬರೀ ಹೆಚ್ಚುವರಿ ಮಾಹಿತಿ. ಕೆಲಸಗಾರರೆಲ್ಲ ಭಾನುವಾರ ಬಂದಿದ್ದರು, ಎಲ್ಲರಿಗೂ ಬೋನಸ್. 5,000 ರೂಪಾಯಿ.

ಅಕ್ಷರ ಒಂದೂ ಬದಲಾಗಲಿಲ್ಲ. ಎರಡು ಕಾಮಾಗೆ 3,500 ರೂಪಾಯಿ ವ್ಯತ್ಯಾಸ. ಕನ್ನಡದಲ್ಲಾದರೆ ನಾವು ವಾಕ್ಯವನ್ನೇ ಬದಲಿಸುತ್ತೇವೆ. ಮೊದಲನೆಯದು "ಭಾನುವಾರ ಬಂದ ಕೆಲಸಗಾರರಿಗೆ ಬೋನಸ್ ಸಿಗುತ್ತದೆ." ಎರಡನೆಯದು "ಕೆಲಸಗಾರರೆಲ್ಲ ಭಾನುವಾರ ಬಂದಿದ್ದರು, ಅವರಿಗೆ ಬೋನಸ್ ಸಿಗುತ್ತದೆ." ನಮ್ಮ ಭಾಷೆ ವಾಕ್ಯ ಒಡೆದು ಮಾಡುವ ಕೆಲಸವನ್ನು ಇಂಗ್ಲಿಷ್ ಎರಡು ಕಾಮಾದಲ್ಲಿ ಮಾಡುತ್ತದೆ. ನಮಗೆ ಕಾಮಾ ಕಣ್ಣಿಗೆ ಬೀಳದೇ ಇರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅಭಿಪ್ರಾಯ. ಪರೀಕ್ಷಿಸುವ ಉಪಾಯ ಸುಲಭ: ಎರಡು ಕಾಮಾ ನಡುವಿನ ಮಾತನ್ನು ಬೆರಳಿನಿಂದ ಮುಚ್ಚಿ ಓದಿ. ಉಳಿದ ವಾಕ್ಯ ಹೇಳುವ ಮಾತು ಬದಲಾಗದಿದ್ದರೆ ಅದು ಹೆಚ್ಚುವರಿ. ಹಾಗೆಯೇ ಇಂತಹ ಹೆಚ್ಚುವರಿ ಮಾತಿಗೆ "ದಟ್" ಹಾಕುವುದಿಲ್ಲ. "ಹೂ" ಅಥವಾ "ವಿಚ್" ಮಾತ್ರ.

ನಿಲ್ಲುವ ಜಾಗದಿಂದ ಅರ್ಥ ಬದಲಾಗುತ್ತದೆ ಎನ್ನುವುದು ನಮಗೆ ಹೊಸದೇನಲ್ಲ. ಉರ್ದು ತರಗತಿಯಲ್ಲಿ ಎಲ್ಲರೂ ಕೇಳಿರುವ ಉದಾಹರಣೆ ಇದೆ. "ರೋಕೋ, ಮತ್ ಜಾನೇ ದೋ" ಎಂದರೆ ಅವನನ್ನು ತಡೆಯಿರಿ, ಹೋಗಲು ಬಿಡಬೇಡಿ. "ರೋಕೋ ಮತ್, ಜಾನೇ ದೋ" ಎಂದರೆ ತಡೆಯಬೇಡಿ, ಹೋಗಲಿ ಬಿಡಿ. ಮಕ್ತಬ್‌ನಲ್ಲಿ ಕುರ್‌ಆನ್ ಓದಲು ಕಲಿತವರು ಇನ್ನೂ ಚಿಕ್ಕ ವಯಸ್ಸಿನಲ್ಲೇ ಇದನ್ನು ಕಲಿತಿದ್ದಾರೆ. ಸಾಲಿನ ಮೇಲೆ ಸಣ್ಣದಾಗಿ "ಮೀಮ್" ಇದ್ದರೆ ನಿಲ್ಲಲೇಬೇಕು, "ಲಾ" ಇದ್ದರೆ ನಿಲ್ಲಬಾರದು, "ಜೀಮ್" ಇದ್ದರೆ ನಿಲ್ಲಬಹುದು. ಮೂರು ಮೂರು ಚುಕ್ಕಿಗಳ ಜೋಡಿ ಬಂದರೆ ಎರಡರಲ್ಲಿ ಒಂದು ಕಡೆ ನಿಲ್ಲಬಹುದು, ಎರಡೂ ಕಡೆ ಅಲ್ಲ. ಆರೇಳು ವರ್ಷದ ಮಗು ತಪ್ಪಾದ ಜಾಗದಲ್ಲಿ ಉಸಿರು ಬಿಟ್ಟರೆ ಉಸ್ತಾದರು ಹಿಂದಿನಿಂದ ಓದಿಸುತ್ತಾರೆ. ಅಷ್ಟು ಸೂಕ್ಷ್ಮವಾಗಿ ನಿಲ್ಲುವುದನ್ನು ಕಲಿತ ನಾವು ಇಂಗ್ಲಿಷ್ ಕಾಮಾ ಬಂದಾಗ ಮಾತ್ರ ಅದನ್ನು ಪುಟದ ಮೇಲಿನ ಧೂಳು ಎಂಬಂತೆ ದಾಟಿ ಹೋಗುತ್ತೇವೆ.

ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ

ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಒಂದು ಕಾರ್ಯಕ್ರಮಕ್ಕೆ ಕುರ್ಚಿ ಹಾಕುವ ಜವಾಬ್ದಾರಿ ನಮ್ಮ ತಂಡಕ್ಕೆ ಬಂದಿತ್ತು. ಕೈಗೆ ಕೊಟ್ಟ ಚೀಟಿಯಲ್ಲಿ ಹೀಗಿತ್ತು: "ದಿ ಚೀಫ್ ಗೆಸ್ಟ್, ಅ ರಿಟೈರ್ಡ್ ಹೆಡ್‌ಮಾಸ್ಟರ್, ದಿ ಸೆಕ್ರೆಟರಿ ಅಂಡ್ ದಿ ಪ್ರಿನ್ಸಿಪಾಲ್." ನಾವು ಎಣಿಸಿ ನಾಲ್ಕು ಕುರ್ಚಿ ಹಾಕಿದೆವು. ಬಂದವರು ಮೂವರು. ನಿವೃತ್ತ ಹೆಡ್‌ಮಾಸ್ಟರ್ ಅವರೇ ಮುಖ್ಯ ಅತಿಥಿ! ಕಾರ್ಯಕ್ರಮ ಮುಗಿಯುವವರೆಗೂ ಆ ನಾಲ್ಕನೇ ಕುರ್ಚಿ ಖಾಲಿ ಇತ್ತು. ಹಿಂದೆ ಕೂತಿದ್ದವರೆಲ್ಲ "ಇನ್ನೊಬ್ಬರು ಯಾಕೆ ಬರಲಿಲ್ಲ?" ಎಂದು ಕೇಳುತ್ತಿದ್ದರು.

ಇಲ್ಲಿ ಕಾಮಾ ಎರಡು ಕೆಲಸ ಮಾಡುತ್ತಿತ್ತು. ಒಂದು ಕಾಮಾ ಪಟ್ಟಿಯ ಹೆಸರುಗಳನ್ನು ಬೇರೆ ಮಾಡುತ್ತಿತ್ತು. ಇನ್ನೊಂದು "ಅವರು ಯಾರೆಂದರೆ" ಎಂಬ ವಿವರಣೆಯನ್ನು ಸೇರಿಸುತ್ತಿತ್ತು. "ದಿ ಚೀಫ್ ಗೆಸ್ಟ್, ಹೂ ಈಸ್ ಅ ರಿಟೈರ್ಡ್ ಹೆಡ್‌ಮಾಸ್ಟರ್" ಎಂಬುದರಲ್ಲಿ "ಹೂ ಈಸ್" ಬಿಟ್ಟುಹೋಗಿ ರಿಲೇಟಿವ್ ಕ್ಲಾಝ್ ಮುದುಡಿಕೊಂಡಿತ್ತು. ಇಂತಹ ಪಟ್ಟಿಗೆ ಇಂಗ್ಲಿಷ್‌ನಲ್ಲಿ ಸೆಮಿಕೋಲನ್ ಇದೆ. ನಮ್ಮ ಕನ್ನಡ ವ್ಯಾಕರಣ ಪುಸ್ತಕದಲ್ಲಿ ಅದೇ ಅರ್ಧವಿರಾಮ. ವಿವರಣೆ ಒಳಗಿನ ಗೋಡೆಗೆ ಕಾಮಾ, ಒಬ್ಬೊಬ್ಬರ ನಡುವಿನ ಗೋಡೆಗೆ ಸೆಮಿಕೋಲನ್. "ದಿ ಚೀಫ್ ಗೆಸ್ಟ್, ಅ ರಿಟೈರ್ಡ್ ಹೆಡ್‌ಮಾಸ್ಟರ್; ದಿ ಸೆಕ್ರೆಟರಿ; ಅಂಡ್ ದಿ ಪ್ರಿನ್ಸಿಪಾಲ್" ಎಂದು ಬರೆದಿದ್ದರೆ ಕುರ್ಚಿ ಮೂರೇ.

ನಮ್ಮದು ಕುರ್ಚಿಯ ಮಾತು, ನಕ್ಕು ಮರೆತೆವು. ನ್ಯಾಯಾಲಯಕ್ಕೆ ಹೋದ ಪಟ್ಟಿಗಳೂ ಇವೆ.

1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ 27ನೇ ಕಲಮಿನಲ್ಲಿ ಒಂದು ಪಟ್ಟಿ ಇತ್ತು: "ಮ್ಯಾನುಫ್ಯಾಕ್ಚರ್ಸ್ ಫಾರ್ ಸೇಲ್, ಸೆಲ್ಸ್, ಸ್ಟಾಕ್ಸ್ ಆರ್ ಎಕ್ಸಿಬಿಟ್ಸ್ ಫಾರ್ ಸೇಲ್ ಆರ್ ಡಿಸ್ಟ್ರಿಬ್ಯೂಟ್ಸ್." ಔಷಧವನ್ನು ಬರೀ ಇಟ್ಟುಕೊಂಡರೆ ಅದು ಈ ಕಲಮಿನ ಅಪರಾಧವೇ, ಅಥವಾ ಮಾರಾಟಕ್ಕೆಂದು ಇಟ್ಟುಕೊಂಡರೆ ಮಾತ್ರವೇ? ಮೊಹಮ್ಮದ್ ಶಬ್ಬೀರ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ತೀರ್ಪು 1979ರ ವರದಿಗಳಲ್ಲಿದೆ. "ಮ್ಯಾನುಫ್ಯಾಕ್ಚರ್ಸ್ ಫಾರ್ ಸೇಲ್" ಆದ ಮೇಲೆ ಕಾಮಾ ಇದೆ, "ಸೆಲ್ಸ್" ಆದ ಮೇಲೆ ಕಾಮಾ ಇದೆ, "ಸ್ಟಾಕ್ಸ್" ಆದ ಮೇಲೆ ಇಲ್ಲ. ಆದ್ದರಿಂದ "ಸ್ಟಾಕ್ಸ್ ಆರ್ ಎಕ್ಸಿಬಿಟ್ಸ್ ಫಾರ್ ಸೇಲ್" ಒಂದೇ ಗುಂಪು. "ಮಾರಾಟಕ್ಕಾಗಿ" ಎಂಬುದು ದಾಸ್ತಾನಿಗೂ ಸೇರುತ್ತದೆ. ಬರೀ ಇಟ್ಟುಕೊಂಡದ್ದು ಆ ಕಲಮಿನಡಿ ಅಪರಾಧವಲ್ಲ ಎಂದಿತು. ಒಬ್ಬ ಮನುಷ್ಯ ಅಪರಾಧಿಯೋ ಅಲ್ಲವೋ ಎಂಬ ಪ್ರಶ್ನೆಯಲ್ಲಿ ಇಲ್ಲದ ಒಂದು ಕಾಮಾ ಸಾಕ್ಷಿ ಹೇಳಿತು.

ಇನ್ನೊಂದು ಅಮೆರಿಕದ ಮೇನ್ ರಾಜ್ಯದ್ದು. ಅಲ್ಲಿಯ ಕಾನೂನಿನಲ್ಲಿ ವಾರಕ್ಕೆ 40 ಗಂಟೆ ಮೀರಿ ದುಡಿದರೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಆದರೆ ಬೇಗ ಕೆಡುವ ಆಹಾರದ ಕೆಲವು ಕೆಲಸಗಳಿಗೆ ಇದು ಅನ್ವಯಿಸುವುದಿಲ್ಲ. ಆ ಕೆಲಸಗಳ ಪಟ್ಟಿಯ ಕೊನೆಯಲ್ಲಿ "ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್" ಎಂದಿತ್ತು. "ಆರ್" ಮುಂಚೆ ಕಾಮಾ ಇರಲಿಲ್ಲ. ಓಕ್‌ಹರ್ಸ್ಟ್ ಡೇರಿಯ ಹಾಲಿನ ಗಾಡಿಯ ಚಾಲಕರು ಕೇಳಿದರು: ಇಲ್ಲಿ ಹೇಳಿರುವುದು ಸಾಗಣೆಗೋ ವಿತರಣೆಗೋ ಮಾಡುವ ಪ್ಯಾಕಿಂಗ್ ಮಾತ್ರ, ನಾವು ಪ್ಯಾಕ್ ಮಾಡುವವರಲ್ಲ, ತಲುಪಿಸುವವರು, ನಮ್ಮ ಓವರ್‌ಟೈಮ್ ಕೊಡಿ. ಕಂಪನಿ ಹೇಳಿತು: ವಿತರಣೆ ಎಂಬುದು ಪಟ್ಟಿಯ ಬೇರೆಯದೇ ಕೆಲಸ. ಕೆಳಗಿನ ನ್ಯಾಯಾಲಯ ಕಂಪನಿಯ ಪರ ನಿಂತಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ, ವಾಕ್ಯಕ್ಕೆ ಎರಡು ಅರ್ಥ ಇರುವುದರಿಂದ ಅನುಮಾನದ ಲಾಭ ಕೆಲಸಗಾರರಿಗೆ ಸಿಗಬೇಕು ಎಂದಿತು. ಮರು ವರ್ಷ 50 ಲಕ್ಷ ಡಾಲರಿಗೆ ರಾಜಿ ಆಯಿತು. ಆ ಕಾನೂನನ್ನು ತಿದ್ದಿದಾಗ ಪಟ್ಟಿಗೆ ಕಾಮಾ ತೆಗೆದು ಸೆಮಿಕೋಲನ್ ಹಾಕಿದರು.

ನಮ್ಮ ಕರಾರಿನಂತಹ "ಬಾಲ"ದ ಪ್ರಶ್ನೆ ಫೇಸ್‌ಬುಕ್ ಕಂಪನಿಗೂ ಬಂದಿದೆ. ಅಮೆರಿಕದ ದೂರವಾಣಿ ಕಾನೂನಿನಲ್ಲಿ ಒಂದು ಯಂತ್ರದ ವ್ಯಾಖ್ಯೆ ಇದೆ: ಫೋನ್ ನಂಬರುಗಳನ್ನು "ಸ್ಟೋರ್ ಆರ್ ಪ್ರೊಡ್ಯೂಸ್" ಮಾಡುವ ಯಂತ್ರ, ಆಮೇಲೆ ಒಂದು ಕಾಮಾ, ಆಮೇಲೆ ಮನಬಂದಂತೆ ಅಥವಾ ಸಾಲಾಗಿ ನಂಬರು ಹುಟ್ಟಿಸುವ ಸಾಧನ ಬಳಸಿ ಎಂಬ ಮಾತು. ಈ ಕೊನೆಯ ಮಾತು "ಪ್ರೊಡ್ಯೂಸ್"ಗೆ ಮಾತ್ರವೋ, "ಸ್ಟೋರ್"ಗೂ ಉಂಟೋ? 2021ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಎರಡಕ್ಕೂ ಎಂದು ತೀರ್ಮಾನಿಸಿತು. ಬಾಲದ ಮುಂಚೆ ಕಾಮಾ ಇದ್ದದ್ದು ಅದಕ್ಕೆ ಒಂದು ಕಾರಣ. ಕಾಮಾ ಇಲ್ಲದಿದ್ದರೆ ಬಾಲ ಸಾಮಾನ್ಯವಾಗಿ ಹತ್ತಿರದ ಹೆಸರಿಗೆ ಅಂಟುತ್ತದೆ, ಕಾಮಾ ಇದ್ದರೆ ಎಲ್ಲಕ್ಕೂ ಹಬ್ಬುತ್ತದೆ ಎಂಬ ಹಳೆಯ ಸೂತ್ರ ಕಾನೂನು ಓದುವವರಲ್ಲಿ ಇದೆ. ಆದರೆ ಅದು ಕಲ್ಲಿನಲ್ಲಿ ಕೆತ್ತಿದ ನಿಯಮವಲ್ಲ, ಪೂರ್ತಿ ಸಂದರ್ಭವನ್ನೂ ನೋಡುತ್ತಾರೆ. ನಮ್ಮ ಕರಾರಿನಲ್ಲಿ "ದಟ್" ಮುಂಚೆ ಕಾಮಾ ಇರಲಿಲ್ಲ ಎಂದು ಈಗ ಗೊತ್ತಿದೆ. 3,800 ರೂಪಾಯಿಗೆ ನ್ಯಾಯಾಲಯಕ್ಕೆ ಯಾರು ಹೋಗುತ್ತಾರೆ?

ಒಂದು ಆಕ್ಷೇಪ

ಈ ಲೇಖನದ ಕರಡು ಓದಿದ ಗೆಳತಿಯೊಬ್ಬಳು ಹೇಳಿದಳು: "ಕಾಮಾ ಹಾಕುವುದು ಅವರವರ ಶೈಲಿ. ಪತ್ರಿಕೆಗಳಲ್ಲಿ 'ಅಂಡ್' ಮುಂಚೆ ಕಾಮಾ ಹಾಕುವುದಿಲ್ಲ, ಕೆಲವು ಪುಸ್ತಕಗಳಲ್ಲಿ ಹಾಕುತ್ತಾರೆ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಲೇಖನವೇ?"

ಅವಳ ಮಾತಿನಲ್ಲಿ ಸತ್ಯ ಇದೆ. "ಪೆನ್, ಪೆನ್ಸಿಲ್ ಅಂಡ್ ಸ್ಕೇಲ್" ಎಂಬಲ್ಲಿ ಕೊನೆಯ ಕಾಮಾ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಮ್ಮ ಸುಪ್ರೀಂ ಕೋರ್ಟ್ ಕೂಡ 1952ರಲ್ಲೇ ಅಶ್ವಿನಿ ಕುಮಾರ್ ಘೋಷ್ ಪ್ರಕರಣದಲ್ಲಿ ವಿರಾಮ ಚಿಹ್ನೆಯೇ ಅರ್ಥವನ್ನು ಆಳುವುದಿಲ್ಲ ಎಂದು ಹೇಳಿದೆ. ಅದೇ ತೀರ್ಪಿನಲ್ಲಿ, ಜಾಗ್ರತೆಯಿಂದ ಚಿಹ್ನೆ ಹಾಕಿದ ಕಾನೂನಿನ ಅರ್ಥದಲ್ಲಿ ಅನುಮಾನ ಬಂದಾಗ ಚಿಹ್ನೆಗೆ ಬೆಲೆ ಕೊಡಬೇಕು ಎಂಬ ಮಾತೂ ಇದೆ. ನನ್ನ ಉತ್ತರವೂ ಇದೇ ದಾರಿಯದು. ಓದುವಾಗ ಕಾಮಾವನ್ನು ನೋಡಬೇಕು. ಬರೆಯುವಾಗ ಇಡೀ ಅರ್ಥದ ಭಾರವನ್ನು ಒಂದು ಕಾಮಾದ ಮೇಲೆ ಹೊರಿಸಬಾರದು. ಅನುಮಾನ ಇದ್ದರೆ ವಾಕ್ಯ ಒಡೆಯಬೇಕು, ಪಟ್ಟಿಗೆ ನಂಬರು ಹಾಕಬೇಕು. ಅಕೌಂಟೆನ್ಸಿಯಲ್ಲಿ ಒಂದು ಎಂಟ್ರಿ ಯಾವ ಖಾತೆಗೆ ಹೋಗಬೇಕು ಎಂದು ಗೊತ್ತಾಗದಿದ್ದರೆ ನಾವು ಅಂದಾಜಿನ ಮೇಲೆ ಪೋಸ್ಟ್ ಮಾಡುತ್ತೇವೆಯೇ? "ದಟ್", "ವಿಚ್", "ಹೂ" ಕೂಡ ಎಂಟ್ರಿಗಳೇ. ಅವು ಯಾವ ಹೆಸರಿನ ಖಾತೆಗೆ ಎಂದು ಖಚಿತ ಮಾಡಿಕೊಂಡ ಮೇಲೆಯೇ ಮುಂದೆ ಹೋಗಬೇಕು.

ಏನು ಮಾಡಬಹುದು?

ಬರೀ ಸಮಸ್ಯೆ ಹೇಳಿ ಹೋಗುವುದು ಸರಿಯಲ್ಲ. ಉಪನ್ಯಾಸಕರ ಮುಂದೆಯೂ ಗೆಳೆಯರ ಮುಂದೆಯೂ ಮೂರು ಸಲಹೆ ಇಡುತ್ತೇನೆ.

ಒಂದು: ಲೈಬ್ರರಿ ಪಕ್ಕದ ನೋಟಿಸ್ ಬೋರ್ಡಿನಲ್ಲಿ "ವಾರಕ್ಕೊಂದು ವಾಕ್ಯ" ಹಾಕೋಣ. ಪಠ್ಯಪುಸ್ತಕದ್ದಲ್ಲ, ನಮ್ಮ ಮನೆಗಳಿಗೆ ಬಂದ ನಿಜವಾದ ಕಾಗದದ್ದು. ಹೆಸರು, ವಿಳಾಸ ತೆಗೆದು ವಾಕ್ಯ ಮಾತ್ರ. ಅದಕ್ಕೆ ಎಷ್ಟು ಅರ್ಥ ಬರುತ್ತದೆ ಎಂದು ಕೆಳಗೆ ಯಾರು ಬೇಕಾದರೂ ಬರೆಯಲಿ. ಪರೀಕ್ಷೆಯಲ್ಲಿ ಅಡಿಗೆರೆ ಎಳೆದ ಪದ ಯಾವುದನ್ನು ಸೂಚಿಸುತ್ತದೆ ಎಂದು ಕೇಳುತ್ತಾರಲ್ಲ, ಅದಕ್ಕೂ ಇದೇ ಅಭ್ಯಾಸ ಸಾಕು.

ಎರಡು: ಇಂಗ್ಲಿಷ್ ತರಗತಿಯಲ್ಲಿ ರಿಲೇಟಿವ್ ಕ್ಲಾಝ್ ಬಂದಾಗ ಹತ್ತು ನಿಮಿಷ ಕನ್ನಡಕ್ಕೂ ಉರ್ದುವಿಗೂ ಬಾಗಿಲು ತೆರೆಯಲಿ. "ತಂದ ಪುಸ್ತಕ", "ಲಾಯೀ ಸೋ ಕಿತಾಬ್", "ದಿ ಬುಕ್ ದಟ್ ಐ ಬ್ರಾಟ್" ಮೂರನ್ನೂ ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆದರೆ, ಕೊನೆಯ ಬೆಂಚಿನವರಿಗೂ ಗಂಟು ಕಾಣುತ್ತದೆ. ಮನೆಯ ಭಾಷೆಯನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಬನ್ನಿ ಎಂದರೆ ನಮ್ಮಲ್ಲಿ ಇರುವ ಜ್ಞಾನವೂ ಹೊರಗೇ ಉಳಿಯುತ್ತದೆ.

ಮೂರು: ಸಹಿ ಹಾಕುವ ಯಾವುದೇ ಕಾಗದವನ್ನು ಒಂದೇ ಉಸಿರಿಗೆ ಓದದಿರೋಣ. ಬಾಲ ಯಾರದ್ದು? ಕಾಮಾಗಳ ನಡುವಿನ ಮಾತು ಮುಚ್ಚಿದರೆ ಉಳಿದದ್ದು ಏನು ಹೇಳುತ್ತದೆ? ಪಟ್ಟಿಯಲ್ಲಿ ಒಟ್ಟು ಎಷ್ಟು, ಬೆರಳಲ್ಲಿ ಎಣಿಸಿದರೆ ಸರಿ ಹೋಗುತ್ತದೆಯೇ? ಈ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಎರಡು ಅರ್ಥ ಕಂಡರೆ "ಇದನ್ನು ಬಿಡಿಸಿ ಬರೆಯಿರಿ" ಎಂದು ಕೇಳಲು ನಾಚಿಕೆಪಡಬಾರದು. ಇಂಗ್ಲಿಷ್ ಬರುವುದಿಲ್ಲ ಎಂದುಕೊಳ್ಳುತ್ತಾರೇನೋ ಎಂಬ ಭಯದಿಂದಲೇ ನಾನು ಕಳೆದ ವರ್ಷ ವೇಗವಾಗಿ ಓದಿದ್ದು. ನಿಧಾನವಾಗಿ ಓದುವವರಿಗೆ ಭಾಷೆ ಬರುವುದಿಲ್ಲ ಎಂದು ಯಾರು ಹೇಳಿದರು?

ಕಳೆದ ತಿಂಗಳು ಅಂಗಡಿಯ ಕರಾರು ಮತ್ತೆ ಹೊಸದಾಯಿತು. ಟೈಪ್ ಮಾಡುವ ಮುಂಚೆಯೇ ನಾನು ಅಬ್ಬಾ ಜೊತೆ ಹೋಗಿ ಮಾಲೀಕರನ್ನು ಕೇಳಿಕೊಂಡೆ: "ಅಂಕಲ್, ರಿಪೇರಿ ಮಾತು ನಂಬರು ಹಾಕಿ ಬರೆಸಬಹುದಾ?" ಅವರು ಒಂದು ಕ್ಷಣ ನನ್ನನ್ನು ನೋಡಿ, "ಬರೆಸಮ್ಮ, ನನಗೂ ಅದೇ ಬೇಕು" ಎಂದರು. ಈಗ ಅಲ್ಲಿ ಮೂರು ಸಾಲು ಇದೆ. ಬಣ್ಣ ಬಾಡಿಗೆದಾರರದ್ದು. ನಲ್ಲಿ, ಪೈಪು ಮಾಲೀಕರದ್ದು, ಎಷ್ಟೇ ಆಗಲಿ. ಚಾವಣಿ ಐದು ಸಾವಿರ ದಾಟಿದರೆ ಮಾಲೀಕರದ್ದು, ಇಲ್ಲದಿದ್ದರೆ ನಮ್ಮದು. ನಂಬರು ಹಾಕಲು ಟೈಪಿಸ್ಟ್ ಒಂದು ರೂಪಾಯಿಯೂ ಹೆಚ್ಚು ಕೇಳಲಿಲ್ಲ.

ಪೆನ್ನು ಹಿಡಿದ ಅಬ್ಬಾ ಸಹಿ ಹಾಕುವ ಮುಂಚೆ ನನ್ನನ್ನು ಕೇಳಿದರು: "ಏಕೀಚ್ ಮತ್ಲಬ್ ಹೈ ನಾ?" ಒಂದೇ ಅರ್ಥ ತಾನೇ? ನಾನು ಮೂರೂ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದೆ. ಆಮೇಲೆ ಹೌದು ಎಂದೆ.